ಜೀನ್ ಚಿಕಿತ್ಸೆಗೂ ಮೊದಲು ಅಮೋನಿಯಾ ಪರೀಕ್ಷೆ ಬರಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹಸುಗೂಸೊಂದರ ವಂಶವಾಹಿಯನ್ನೇ ತಿದ್ದಿ ಚಿಕಿತ್ಸೆ ನೀಡಿದ ಸುದ್ದಿ 2025ರ ಮೇ ತಿಂಗಳಲ್ಲಿ ಪ್ರಕಟವಾದಂದಿನಿಂದ, ಹುಟ್ಟಿನಿಂದಲೇ ಕಿಣ್ವದ ಕೊರತೆಯಿರುವ ಮಕ್ಕಳ ತಂದೆತಾಯಂದಿರು ಇದು ನಮ್ಮಲ್ಲಿಗೆ ಯಾವಾಗ ಬಂದೀತು ಎಂದು ಕೇಳುತ್ತಿದ್ದಾರೆ. ಕೇಳುವುದು ಸಹಜ. ಆದರೆ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಮಕ್ಕಳ ವೈದ್ಯನಾಗಿ ದುಡಿದು ನಿವೃತ್ತನಾದ ನನ್ನನ್ನು ಕಾಡುವ ಪ್ರಶ್ನೆ ಬೇರೆ: ಅಂಥ ಚಿಕಿತ್ಸೆ ನಾಳೆಯೇ ಬಂದರೂ ಅದನ್ನು ಪಡೆಯುವವರೆಗೆ ನಮ್ಮ ಮಗು ಉಳಿದಿರುತ್ತದೆಯೇ?

ಪ್ರೋಟೀನು ಕರಗಿದಾಗ ಹುಟ್ಟುವ ಅಮೋನಿಯಾವನ್ನು ಯಕೃತ್ತು ಒಂದರ ಹಿಂದೊಂದರಂತೆ ಹಲವು ಕಿಣ್ವಗಳ ನೆರವಿನಿಂದ ಯೂರಿಯಾ ಆಗಿ ಮಾರ್ಪಡಿಸುತ್ತದೆ. ಈ ಸರಣಿಯ ಮೊದಲ ಕಿಣ್ವ ಸಿಪಿಎಸ್-1. ಅದರ ಬೆನ್ನಿಗೇ ಬರುವುದು ಓಟಿಸಿ. ಇವುಗಳಲ್ಲಿ ಒಂದು ಕೆಟ್ಟರೂ ಅಮೋನಿಯಾ ರಕ್ತದಲ್ಲಿ ಏರುತ್ತಾ ಹೋಗಿ ಮಿದುಳನ್ನು ಊದಿಸುತ್ತದೆ. 1999ರ ಸೆಪ್ಟೆಂಬರಿನಲ್ಲಿ ಇದೇ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ, ಓಟಿಸಿ ಕೊರತೆಯ ಸೌಮ್ಯ ರೂಪವಿದ್ದು ಪಥ್ಯ ಮತ್ತು ಮಾತ್ರೆಗಳಿಂದಲೇ ಬಾಳುತ್ತಿದ್ದ 18 ವರ್ಷದ ಜೆಸ್ಸಿ ಗೆಲ್ಸಿಂಗರ್, ವೈರಸ್ ಮೂಲಕ ಜೀನ್ ಸೇರಿಸುವ ಪ್ರಯೋಗಕ್ಕೆ ಒಳಗಾದ ನಾಲ್ಕೇ ದಿನಗಳಲ್ಲಿ ತೀರಿಕೊಂಡ; ಆ ವೈರಸ್ಸಿನ ವಿರುದ್ಧ ಅವನ ದೇಹವೇ ಕೆರಳಿ ನಿಂತಿತ್ತು. ಇಡೀ ಕ್ಷೇತ್ರ ವರ್ಷಗಟ್ಟಲೆ ಹಿಂದೆ ಸರಿಯಿತು. ಅದೇ ಊರಿನಲ್ಲಿ, ಕಾಲು ಶತಮಾನದ ಬಳಿಕ, ಸಿಪಿಎಸ್-1 ಕೊರತೆಯ ಆ ಮಗುವಿಗೆ ವೈದ್ಯರು ವೈರಸ್ಸನ್ನು ಬಳಸಲಿಲ್ಲ. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳಲ್ಲಿದ್ದ ಬಗೆಯ ಕೊಬ್ಬಿನ ಸೂಕ್ಷ್ಮ ಕಣಗಳಲ್ಲಿ ತಿದ್ದುವ ಸಾಧನವನ್ನಿಟ್ಟು ಯಕೃತ್ತಿಗೆ ಕಳುಹಿಸಿ, ವಂಶವಾಹಿಯ ಬರಹದಲ್ಲಿ ತಪ್ಪಿದ್ದ ಒಂದು ಅಕ್ಷರವನ್ನು ಸರಿಪಡಿಸಲು ಯತ್ನಿಸಿದರು. ಆ ಒಂದು ಮಗುವಿಗೆಂದೇ ಔಷಧ ಸಿದ್ಧಪಡಿಸಲು ಹಿಡಿದದ್ದು ಸುಮಾರು ಆರು ತಿಂಗಳು. ಚಿಕಿತ್ಸೆಯ ನಂತರ ಮಗು ಮೊದಲಿಗಿಂತ ಹೆಚ್ಚು ಪ್ರೋಟೀನು ಅರಗಿಸಿಕೊಂಡಿತು, ಅಮೋನಿಯಾ ತಗ್ಗಿಸಲು ಕೊಡುತ್ತಿದ್ದ ಔಷಧವೂ ಅರ್ಧಕ್ಕೆ ಇಳಿಯಿತು. ಪೂರ್ಣ ಗುಣವಾಯಿತೆಂದು ಚಿಕಿತ್ಸೆ ಕೊಟ್ಟವರೂ ಹೇಳಿಕೊಂಡಿಲ್ಲ.

ಈ ಸಾಧನೆಯ ವರದಿಗಳಲ್ಲಿ ಹೆಚ್ಚು ಗಮನಕ್ಕೆ ಬಾರದೆ ಹೋದದ್ದು ಒಂದಿದೆ. ಮಗು ಹುಟ್ಟಿದ ಮೊದಲ ದಿನಗಳಲ್ಲೇ ಅದರ ಮಂಪರನ್ನು ಗಮನಿಸಿದ ವೈದ್ಯರು ಅಮೋನಿಯಾ ಅಳೆದರು. ಆ ಆರು ತಿಂಗಳ ಕಾಲಾವಕಾಶ ದೊರೆತದ್ದು ಅದರಿಂದ.

ನಮ್ಮಲ್ಲಿ ಏನಾಗುತ್ತದೆ? ದಿನ ತುಂಬಿ, ಒಳ್ಳೆಯ ತೂಕದಲ್ಲಿ ಹುಟ್ಟಿದ ಮಗು ಮೊದಲ ಒಂದೆರಡು ದಿನ ಚೆನ್ನಾಗಿ ಹಾಲು ಕುಡಿಯುತ್ತದೆ. ಎರಡನೆಯ ಅಥವಾ ಮೂರನೆಯ ದಿನ ಮೊಲೆ ಬಿಡುತ್ತದೆ, ವಾಂತಿ ಮಾಡುತ್ತದೆ, ಎಬ್ಬಿಸಿದರೂ ಏಳದಂತೆ ಮಲಗುತ್ತದೆ, ಉಸಿರು ಜೋರಾಗುತ್ತದೆ. ನವಜಾತ ಶಿಶು ಘಟಕದಲ್ಲಿ ಇದನ್ನು ನಂಜು ಎಂದು ಬರೆದು ಆ್ಯಂಟಿಬಯಾಟಿಕ್ ಶುರು ಮಾಡುತ್ತಾರೆ. ಅದು ತಪ್ಪಲ್ಲ, ಏಕೆಂದರೆ ಹತ್ತರಲ್ಲಿ ಒಂಬತ್ತು ಸಲ ಅದು ನಂಜೇ ಆಗಿದ್ದೀತು. ಆದರೆ ಉಸಿರು ಜೋರಾಗಿದ್ದೂ ರಕ್ತದಲ್ಲಿ ಆಮ್ಲದ ಬದಲು ಕ್ಷಾರ ಹೆಚ್ಚಿದ್ದರೆ ಒಮ್ಮೆ ಅಮೋನಿಯಾ ನೋಡಲೇಬೇಕು. ಅದಕ್ಕೆ ಕೈಗೆ ಪಟ್ಟಿ ಬಿಗಿಯದೆ ರಕ್ತ ತೆಗೆದು, ಐಸಿನಲ್ಲಿಟ್ಟು, ಹದಿನೈದಿಪ್ಪತ್ತು ನಿಮಿಷಗಳೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ತಡವಾದರೆ ಫಲಿತಾಂಶ ಸುಳ್ಳು ಹೇಳುತ್ತದೆ. ಮಾದರಿಯನ್ನು ಬೇರೆ ಊರಿಗೆ ಬಸ್ಸಿನಲ್ಲಿ ಕಳುಹಿಸಿ ಮಾಡಿಸುವ ಪರೀಕ್ಷೆ ಇದಲ್ಲ. ಅಮೋನಿಯಾ ಹೆಚ್ಚಿದೆಯೆಂದು ಗೊತ್ತಾದ ಗಳಿಗೆಯಿಂದ ಮಾಡಬೇಕಾದ ಕೆಲಸವೂ ಸ್ಪಷ್ಟವಿದೆ: ಹಾಲು ನಿಲ್ಲಿಸಿ ಗ್ಲೂಕೋಸ್ ಏರಿಸುವುದು, ಸೋಡಿಯಂ ಬೆಂಜೊಯೇಟ್ ಕೊಡುವುದು (ಜಾಮು, ಉಪ್ಪಿನಕಾಯಿ ಕೆಡದಂತೆ ಹಾಕುವ ಪದಾರ್ಥವೇ ಇದು), ಡಯಾಲಿಸಿಸ್ ಇರುವ ಕಡೆಗೆ ತಡಮಾಡದೆ ಸಾಗಿಸುವುದು.

ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಈ ಗುಂಪಿನ ದೋಷಗಳಿಗೂ ಜಾಗವಿದೆ, ನೆರವಿನ ಮಿತಿ 50 ಲಕ್ಷ ರೂಪಾಯಿವರೆಗೆ ಏರಿದೆ, ಬೆಂಗಳೂರಿನಲ್ಲಿ ಉತ್ಕೃಷ್ಟತಾ ಕೇಂದ್ರವೂ ಇದೆ. ಆದರೆ ಆ ನೆರವು ಬೆಂಗಳೂರನ್ನು ಜೀವಂತವಾಗಿ ತಲುಪಿದ ಮಗುವಿಗೆ ಮಾತ್ರ. ರಾಯಚೂರಿನಲ್ಲೋ ಬೀದರಿನಲ್ಲೋ ಮೂರನೆಯ ದಿನ ಮಂಪರಿಗೆ ಜಾರಿದ ಮಗುವಿನ ಪಾಲಿಗೆ ಆ ನೀತಿ ಆರಂಭವೇ ಆಗಿರುವುದಿಲ್ಲ. ಜೀನ್ ಚಿಕಿತ್ಸೆಗಳ ಬೆಲೆಯ ಮಾತೇ ಬೇರೆ. ಮಿದುಳಿನ ನರಗಳ ಹೊದಿಕೆ ಕರಗುವ ಎಂಎಲ್‌ಡಿ ಎಂಬ ಕಿಣ್ವದೋಷಕ್ಕೆ 2024ರಲ್ಲಿ ಅಮೆರಿಕ ಒಪ್ಪಿಗೆ ನೀಡಿದ ಚಿಕಿತ್ಸೆಗೆ 42.5 ಲಕ್ಷ ಡಾಲರ್ ಬೆಲೆ ಕಟ್ಟಿದ್ದಾರೆ. ಅದು ಕೂಡ ಲಕ್ಷಣಗಳು ಬಲಿಯುವ ಮೊದಲೇ ಪತ್ತೆಯಾದ ಮಕ್ಕಳಿಗಷ್ಟೇ.

ನಮ್ಮ ರಾಜ್ಯದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ರಕ್ತಸಂಬಂಧದೊಳಗೇ ನಡೆಯುತ್ತದೆ. ಓಟಿಸಿ ಕೊರತೆಗೂ ಇದಕ್ಕೂ ನಂಟಿಲ್ಲ, ಅದು ಎಕ್ಸ್ ವರ್ಣತಂತುವಿನಲ್ಲಿ ಬರುವಂಥದ್ದು. ಆದರೆ ಸಿಪಿಎಸ್-1ರಂತೆ ತಂದೆತಾಯಿ ಇಬ್ಬರಿಂದಲೂ ಬರಬೇಕಾದ ದೋಷಗಳಿಗೆ ಸೋದರಮಾವನ ಮದುವೆ ದಾರಿ ಸುಗಮ ಮಾಡಿಕೊಡುತ್ತದೆ, ಮತ್ತು ಇಬ್ಬರಲ್ಲೂ ಅದೇ ದೋಷದ ಜೀನ್ ಇರುವ ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿರುತ್ತದೆ. 'ಹಿಂದಿನ ಕೂಸೂ ಹಿಂಗೇ ಮೂರು ದಿನಕ್ಕ ಹೋತ್ರಿ' ಎಂದು ಅಜ್ಜಿಯೊಬ್ಬರು ಬಾಗಿಲ ಬಳಿ ಹೇಳುವ ಮಾತು ಕೇಸ್ ಶೀಟಿಗೆ ಏರುವುದು ಅಪರೂಪ.

ಆದ್ದರಿಂದ ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ ಎರಡು. ಪ್ರತಿ ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಹಗಲು ರಾತ್ರಿಯೆನ್ನದೆ ಅಮೋನಿಯಾ ಪರೀಕ್ಷೆ ದೊರೆಯಬೇಕು. ಕಾರಣ ತಿಳಿಯದೆ ಮಗು ಕೈಬಿಟ್ಟುಹೋಗುವ ಹಂತದಲ್ಲಿ, ಹೆತ್ತವರ ಒಪ್ಪಿಗೆ ಪಡೆದು, ಹಿಮ್ಮಡಿಯ ನಾಲ್ಕು ಹನಿ ರಕ್ತವನ್ನು ಫಿಲ್ಟರ್ ಪೇಪರಿನ ಮೇಲೆ ಒಣಗಿಸಿಟ್ಟು ತಳಿಶಾಸ್ತ್ರ ಕೇಂದ್ರಕ್ಕೆ ಕಳುಹಿಸುವುದು ಕಡ್ಡಾಯವಾಗಬೇಕು. ಆ ಕಾಗದದಿಂದ ದೋಷ ಪತ್ತೆಯಾದರೆ ತಾಯಿಯ ಮುಂದಿನ ಬಸಿರಿನ ಮೂರನೆಯ ತಿಂಗಳಲ್ಲೇ ಪರೀಕ್ಷೆ ಮಾಡಿಸಬಹುದು, ಇಲ್ಲವೇ ಹೆರಿಗೆಯನ್ನು ಡಯಾಲಿಸಿಸ್ ಇರುವ ಆಸ್ಪತ್ರೆಯಲ್ಲೇ ಮಾಡಿಸಿ ಮೊದಲ ದಿನದಿಂದಲೇ ಮಗುವಿನ ಅಮೋನಿಯಾ ನೋಡುತ್ತಿರಬಹುದು.

ಇತಿ,
ನಿವೃತ್ತ ಮಕ್ಕಳ ವೈದ್ಯ, ಕಲಬುರಗಿ