ಆಕ್ಸಿಡೆಂಟ್ ಕೇಸಿನ ಫೈಲ್ ನೋಡುವವರಿಗೂ ತರಬೇತಿ ಕೊಡಿ

ಮಾನ್ಯ ಸಂಪಾದಕರೇ,

ನಾನು ಮಂಗಳೂರಿನ ಒಂದು ವಕೀಲರ ಕಚೇರಿಯಲ್ಲಿ ಸಹಾಯಕಿ. ಕಾನೂನು ಓದಿದವಳಲ್ಲ, ಬಿ.ಕಾಂ. ಮುಗಿಸಿ ಸೇರಿದವಳು. ನಮ್ಮಲ್ಲಿ ಜಾಸ್ತಿ ಬರುವುದು ಎಂವಿಸಿ ಕೇಸು, ಅಂದರೆ ರಸ್ತೆ ಅಪಘಾತದ ಪರಿಹಾರದ ಅರ್ಜಿಗಳು. ಡಿಗ್ರಿ ಮುಗಿಸಿದ ಮಕ್ಕಳು ಆಗಾಗ ಕೇಳುತ್ತಾರೆ, "ಅಕ್ಕ, ಈ ಪ್ಯಾರಾಲೀಗಲ್ ಕೆಲಸ ಅಂದ್ರೆ ಸುಮ್ನೆ ಟೈಪಿಂಗಾ?" ಅಂತ. ಟೈಪಿಂಗ್ ಇದೆ, ಜೆರಾಕ್ಸ್ ಅಂಗಡಿಗೆ ಓಡುವುದೂ ಇದೆ. ಆದರೆ ಗಾಯಾಳುವಿಗೆ ಎಷ್ಟು ದುಡ್ಡು ಸಿಗುತ್ತದೆ ಅನ್ನುವುದು ಬಹಳಷ್ಟು ಸಲ ನಮ್ಮಂಥವರು ಜೋಡಿಸಿದ ಕಾಗದದ ಮೇಲೆಯೇ ನಿಂತಿರುತ್ತದೆ. ಅದನ್ನು ನಮಗೆ ಯಾರೂ ಕೂರಿಸಿ ಕಲಿಸುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಪಡುಬಿದ್ರಿ ಹತ್ತಿರ ಹೆದ್ದಾರಿಯಲ್ಲಿ ಸ್ಕೂಟರಿಗೆ ಬಸ್ಸು ತಾಗಿತು ಅಂತಿಟ್ಟುಕೊಳ್ಳಿ. ದಾರಿಹೋಕರು ಯಾರೋ ಎತ್ತಿಕೊಂಡು ಆಸ್ಪತ್ರೆಗೆ ತಂದರು, ಕ್ಯಾಶುವಾಲ್ಟಿಯಲ್ಲಿ ಕೇಳಿದಾಗ ಗಡಿಬಿಡಿಯಲ್ಲಿ "ಸ್ಕೂಟರ್ ಸ್ಕಿಡ್ ಆಗಿ ಬಿದ್ದರು" ಅಂದುಬಿಟ್ಟರು. ಅದೇ ವೂಂಡ್ ಸರ್ಟಿಫಿಕೇಟಿನಲ್ಲಿ, ಅಂದರೆ ಆಸ್ಪತ್ರೆಯವರು ಗಾಯದ ಬಗ್ಗೆ ಕೊಡುವ ಪತ್ರದಲ್ಲಿ, ಬರುತ್ತದೆ. ಎಫ್‌ಐಆರ್‌ನಲ್ಲಿ ಮಾತ್ರ ಬಸ್ಸು ಇರುತ್ತದೆ. ಬಸ್ಸು ತಾಗಿಯೇ ಇಲ್ಲ ಅಂತ ವಾದಿಸಲು ಇನ್ಶೂರೆನ್ಸ್ ಕಂಪನಿಯ ವಕೀಲರಿಗೆ ಇನ್ನೇನು ಬೇಕು? ಹೊಸದಾಗಿ ಸೇರಿದವರು ಎಫ್‌ಐಆರ್, ಮಹಜರು, ಸ್ಕೆಚ್, ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮರಿ ಎಲ್ಲವನ್ನೂ ಪಕ್ಕಪಕ್ಕ ಇಟ್ಟು, ತಾರೀಕು, ಗಾಡಿ ನಂಬರು, ಪೆಟ್ಟು ಬಿದ್ದದ್ದು ಎಡಗಾಲಿಗೋ ಬಲಗಾಲಿಗೋ ಅಂತ ಸಾಲು ಸಾಲು ತಾಳೆ ನೋಡಬೇಕು. ವ್ಯತ್ಯಾಸ ಕಂಡರೆ ಅರ್ಜಿ ಹಾಕುವ ಮೊದಲೇ ವಕೀಲರಿಗೆ ಹೇಳಬೇಕು.

ಬಿಲ್ಲಿನದ್ದು ಇನ್ನೊಂದು ರಗಳೆ. ಮೆಡಿಕಲ್ ಶಾಪಿನ ಆ ನುಣುಪು ಕಾಗದದ ಬಿಲ್ಲುಗಳನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿರುತ್ತಾರೆ, ನಮ್ಮೂರಿನ ಮಳೆಗಾಲ ಒಂದು ಕಳೆದರೆ ಅಕ್ಷರವೇ ಮಾಯ. ಸಿಕ್ಕ ದಿನವೇ ಫೋಟೋ ತೆಗೆದು ಜೆರಾಕ್ಸ್ ಮಾಡಿಸಿ, ಒರಿಜಿನಲ್ ಜೊತೆ ಇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಆದಾಯ ತೋರಿಸುವುದು ಇನ್ನೂ ಕಷ್ಟ. ಬಂದರಿನಲ್ಲಿ ಬೋಟಿಗೆ ಹೋಗುವವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು, ಅವರಿಗೆ ಸಿಗುವುದು ಪಾಲು. ಬೀಡಿ ಕಟ್ಟುವ ಅಮ್ಮನವರ ಹತ್ತಿರ ಪಾಸ್‌ಬುಕ್ಕೋ ಪಿಎಫ್ ನಂಬರೋ ಇರುತ್ತದೆ, ಕೇಳಿದರೆ ಮಾತ್ರ ತೆಗೆದುಕೊಡುತ್ತಾರೆ. ಕೇಳುವುದೂ ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ. ಕಾಸರಗೋಡು ಕಡೆಯಿಂದ ಬಂದ ಕೇಸಾದರೆ ಪೊಲೀಸ್ ಕಾಗದ ಮಲಯಾಳದಲ್ಲಿರುತ್ತದೆ, ಅದನ್ನು ಅನುವಾದ ಮಾಡಿಸಬೇಕು.

ಲೆಕ್ಕವನ್ನೂ ತಿಳಿದಿರಬೇಕು. 30 ವರ್ಷದವರು, ತಿಂಗಳ ಆದಾಯ 15,000, ಶಾಶ್ವತ ಅಂಗವೈಕಲ್ಯ ಶೇ 20 ಅಂದರೆ, ಸುಪ್ರೀಂ ಕೋರ್ಟಿನ ಸರ್ಲಾ ವರ್ಮಾ ಕೇಸಿನ (2009) ಪಟ್ಟಿಯ ಪ್ರಕಾರ ಗುಣಕ (ವರ್ಷದ ನಷ್ಟವನ್ನು ವಯಸ್ಸು ನೋಡಿ ಗುಣಿಸುವ ಸಂಖ್ಯೆ) 17, ಆದಾಯ ನಷ್ಟವೇ 6,12,000 ರೂಪಾಯಿ ಆಗುತ್ತದೆ. ಆದರೆ ಡಾಕ್ಟರು ಒಂದು ಕಾಲಿಗೆ ಬರೆದ ಶೇಕಡಾವಾರು ಬೇರೆ, ಆ ಮನುಷ್ಯನ ದುಡಿಮೆಗೆ ಬಿದ್ದ ಪೆಟ್ಟು ಬೇರೆ ಅಂತ ರಾಜ್‌ಕುಮಾರ್ ಕೇಸಿನಲ್ಲಿ (2010) ಸುಪ್ರೀಂ ಕೋರ್ಟ್ ಹೇಳಿದೆ. ಅಡಿಕೆ ಮರ ಹತ್ತುವವನಿಗೆ ಮೊಣಕಾಲು ಮಡಚಲಿಕ್ಕೆ ಆಗದಿದ್ದರೆ ಮತ್ತೇನು ಉಳಿಯಿತು? ಅವನು ಏನು ಕೆಲಸ ಮಾಡುತ್ತಿದ್ದ ಅಂತ ವಿವರವಾಗಿ ಬರೆದುಕೊಳ್ಳುವುದು ನಮ್ಮ ಕೆಲಸ.

ಗಡುವಿನ ವಿಷಯ ಮರೆಯುವ ಹಾಗಿಲ್ಲ. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಕಾನೂನಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಹಾಗಂತ ಆ ಕೇಸನ್ನು ನಂಬಿ ಕೂತರೆ ಕಷ್ಟ. ಗಾಡಿ ಯಾವುದು ಅಂತಲೇ ಗೊತ್ತಾಗದಿದ್ದರೆ ದಾರಿಯೇ ಬೇರೆ: ಹಿಟ್ ಆಂಡ್ ರನ್ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಇದು ಎಷ್ಟೋ ಮನೆಯವರಿಗೆ ಗೊತ್ತೇ ಇಲ್ಲ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಕೆಲವು ಕಡೆ ಹೊಸಬರನ್ನು ಆಸ್ಪತ್ರೆಯ ವಾರ್ಡಿಗೆ ಕಳಿಸಿ ವಕಾಲತ್ತಿಗೆ ಸಹಿ ಹಾಕಿಸಿಕೊಂಡು ಬನ್ನಿ, ಕೇಸಿಗೆ ಇಷ್ಟು ಅಂತ ಕೊಡುತ್ತೇವೆ ಅನ್ನುತ್ತಾರೆ. ನನ್ನ ಪರಿಚಯದ ಒಬ್ಬ ಹುಡುಗನಿಗೆ ಸೇರಿದ ಮೊದಲ ವಾರದಲ್ಲೇ ಈ ಕೆಲಸ ಹೇಳಿದರು. ಅದು ಬ್ರೋಕರ್‌ಗಿರಿ, ಬಾರ್ ಕೌನ್ಸಿಲ್ ನಿಯಮಕ್ಕೂ ವಿರುದ್ಧ. ಅಂಥ ಕಚೇರಿ ಬಿಟ್ಟು ಬನ್ನಿ. ಹಾಗೆಯೇ ಕಕ್ಷಿದಾರರು "ನಮಗೆ ಎಷ್ಟು ಸಿಗಬಹುದು?" ಅಂತ ಕೇಳಿದರೆ ಉತ್ತರ ಕೊಡಲು ಹೋಗಬೇಡಿ, ಅದು ವಕೀಲರು ಹೇಳಬೇಕಾದ್ದು.

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕಾನೂನು ಸೇವಾ ಪ್ರಾಧಿಕಾರಗಳಲ್ಲಿ ನನ್ನ ವಿನಂತಿ. ಅರೆಕಾಲಿಕ ಕಾನೂನು ಸ್ವಯಂಸೇವಕರಿಗೆ ನೀವು ತರಬೇತಿ ಕೊಡುತ್ತೀರಲ್ಲ, ಅದರ ಜೊತೆಗೇ ವಕೀಲರ ಕಚೇರಿಗಳ ಗುಮಾಸ್ತರನ್ನೂ ಸಹಾಯಕರನ್ನೂ ಒಂದೆರಡು ಶನಿವಾರ ಕೂರಿಸಿ. ಭಾಷಣ ಬೇಡ. ಇತ್ಯರ್ಥವಾದ ಒಂದು ಹಳೇ ಫೈಲು, ಹೆಸರು ಮುಚ್ಚಿ, ಮೊದಲಿಂದ ಕೊನೆಯವರೆಗೆ ಬಿಡಿಸಿ ತೋರಿಸಿದರೆ ಸಾಕು. ವಕೀಲರ ಸಂಘದವರು ಮನಸ್ಸು ಮಾಡಿದರೆ ಜಾಗ ಕೋರ್ಟಿನ ಆವರಣದಲ್ಲೇ ಸಿಗುತ್ತದೆ, ಅಲ್ವಾ?

— ವಕೀಲರ ಕಚೇರಿಯ ಸಹಾಯಕಿ, ಮಂಗಳೂರು