ಎಡಿನ್‌ಬರಾ ಅರ್ಧ ದಿನದಲ್ಲಿ ನೋಡಿ ಮುಗಿಸೋ ಊರಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪೇಪರಲ್ಲಿ ಲಂಡನ್ ಟೂರ್ ಮುಗಿಸ್ಕೊಂಡು ಬಂದ ಓದುಗರೊಬ್ರು ಬರ್ದಿದ್ದ ಪತ್ರ ಓದಿದೆ. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರಾದಲ್ಲಿ ಕೋಟೆ ಒಂದು ಬಿಟ್ರೆ ಹೆಚ್ಚೇನಿಲ್ಲ, ಅರ್ಧ ದಿನ ಸಾಕು, ಅದೂ ಅಲ್ದೆ ಕಾಲಿಟ್ಟಲ್ಲೆಲ್ಲ ಪೌಂಡ್ ಲೆಕ್ಕದ ಟಿಕೆಟ್ ಅಂತ ಬರ್ದಿದಾರೆ. ಅವರ ಮೇಲೆ ನಂಗೆ ಕೋಪ ಇಲ್ಲ. ಟೂರ್ ಬಸ್ಸಿನೋರು ಬೆಳಿಗ್ಗೆ ಕೋಟೆ ಹತ್ರ ಇಳ್ಸಿ ಮಧ್ಯಾಹ್ನ ಊಟದ ಹೊತ್ತಿಗೆ ವಾಪಸ್ ಹತ್ತಿಸ್ಕೊಂಡ್ರೆ ಯಾರಿಗಾದ್ರೂ ಹಾಗೇ ಅನ್ಸುತ್ತೆ. ಆದ್ರೆ ಈಗ ನಮ್ಮ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಮಗನ ಮನೆ ಮಗಳ ಮನೆ ಅಂತ ಆ ದೇಶಕ್ಕೆ ಹೋಗೋ ಅಪ್ಪ ಅಮ್ಮಂದಿರು ಜಾಸ್ತಿ ಆಗಿದಾರೆ, ಅವರು ಆ ಪತ್ರ ಓದಿ ಈ ಊರನ್ನ ಬಿಟ್ಬಿಡಬಾರ್ದು ಅಂತ ಇದನ್ನ ಬರೀತಿದೀನಿ. ನನ್ನ ಮಗಳು ಅಲ್ಲೇ ಇರೋದ್ರಿಂದ ಆತುರ ಇಲ್ದೆ ಊರು ಸುತ್ತೋಕೆ ನಂಗೆ ಅವಕಾಶ ಸಿಕ್ತು, ಜೊತೆಗೆ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡ್ಕೊಂಡು ಬಂದೋಳು ನಾನು, ಮ್ಯೂಸಿಯಂ ಕಂಡ್ರೆ ಒಳಗೆ ಹೋಗ್ದೆ ಇರೋಕಾಗಲ್ಲ.

ಮೊದಲು ದುಡ್ಡಿನ ವಿಷ್ಯ ಹೇಳ್ಬಿಡ್ತೀನಿ. ಕೋಟೆಗೆ ಟಿಕೆಟ್ ಇದೆ ನಿಜ, ದೊಡ್ಡೋರಿಗೆ 20 ಪೌಂಡಿಗೂ ಮೇಲೆ, ಆನ್‌ಲೈನಲ್ಲಿ ಮುಂಚೆನೇ ಬುಕ್ ಮಾಡಿದ್ರೆ ಸ್ವಲ್ಪ ಕಮ್ಮಿ. ಕೋಟೆಯಿಂದ ಇಳಿಯೋ ರಸ್ತೆಯ ಆ ತುದಿಯ ಹೋಲಿರೂಡ್ ಅರಮನೆಗೂ ಟಿಕೆಟ್ ಇದೆ. ಆದ್ರೆ ಚೇಂಬರ್ಸ್ ಸ್ಟ್ರೀಟ್‌ನಲ್ಲಿರೋ ನ್ಯಾಷನಲ್ ಮ್ಯೂಸಿಯಂ ಆಫ್ ಸ್ಕಾಟ್ಲೆಂಡ್ ಫ್ರೀ, ದೊಡ್ಡ ಚಿತ್ರಗಳ ನ್ಯಾಷನಲ್ ಗ್ಯಾಲರಿ ಫ್ರೀ, 1670ರಲ್ಲಿ ಶುರುವಾದ ಬೊಟಾನಿಕ್ ಗಾರ್ಡನ್ ಫ್ರೀ, ಲೇಖಕರ ಮ್ಯೂಸಿಯಂ ಫ್ರೀ, ಮಕ್ಕಳ ಆಟದ ಸಾಮಾನಿನ ಮ್ಯೂಸಿಯಂ ಫ್ರೀ. ಹೀಗಾಗಿ ದುಡ್ಡಿಲ್ದೋರು ನೋಡೋ ಊರೇ ಅದು ಅಂದ್ರೂ ತಪ್ಪಿಲ್ಲ. ಉಳ್ಕೊಳ್ಳೋ ಖರ್ಚು ಮಾತ್ರ ಜೋರು, ಅದ್ರಲ್ಲೂ ಆಗಸ್ಟ್ ತಿಂಗಳು ಹೋಗ್ಲೇಬೇಡಿ, 1947ರಿಂದ ನಡ್ಕೊಂಡು ಬಂದಿರೋ ಹಬ್ಬಗಳು ಆಗ, ರೂಮೇ ಸಿಗಲ್ಲ ಸಿಕ್ರೂ ಕೈಗೆಟುಕಲ್ಲ.

ಊರಿನ ರಚನೆ ಒಂಚೂರು ಗೊತ್ತಿದ್ರೆ ನೋಡೋ ಖುಷಿನೇ ಬೇರೆ. ಕೋಟೆ ಕೂತಿರೋ ಬಂಡೆ ಒಂದು ಕಾಲದ ಜ್ವಾಲಾಮುಖಿಯ ಗಂಟಲು, ಸುಮಾರು 35 ಕೋಟಿ ವರ್ಷ ಹಳೇದು. ಪಶ್ಚಿಮದಿಂದ ಹಿಮನದಿ ಜಾರ್ಕೊಂಡು ಬಂದಾಗ ಈ ಗಟ್ಟಿ ಬಂಡೆ ಅಲ್ಲಾಡಲಿಲ್ಲ, ಅದರ ಬೆನ್ನ ಹಿಂದೆ ಇದ್ದ ಮೆತ್ತನೆ ಕಲ್ಲೂ ಕೊಚ್ಚಿ ಹೋಗ್ದೆ ಇಳಿಜಾರು ದಿಣ್ಣೆಯಾಗಿ ಉಳೀತು, ಆ ದಿಣ್ಣೆ ಮೇಲೇನೇ ಕೋಟೆಯಿಂದ ಹೋಲಿರೂಡ್ ಅರಮನೆವರೆಗೆ ರಾಯಲ್ ಮೈಲ್ ಅನ್ನೋ ರಸ್ತೆ ಇರೋದು. ಅದರ ಎರಡೂ ಕಡೆ ತೆಂಗಿನ ಗರಿ ಥರ ಸಣ್ಣ ಸಣ್ಣ ಗಲ್ಲಿಗಳು ಕೆಳಗೆ ಇಳೀತಾವೆ, ಅವಕ್ಕೆ ಕ್ಲೋಸ್ ಅಂತಾರೆ. ದಿಣ್ಣೆ ಮೇಲೆ ಜಾಗ ಇರ್ಲಿಲ್ಲ, ಸುತ್ತ ಗೋಡೆ ಬೇರೆ, ಅದಕ್ಕೆ ಜನ ಮೇಲ್ಮೇಲೆ ಕಟ್ಕೊಂಡು ಹೋಗಿ ಆ ಕಾಲದಲ್ಲೇ ಏಳೆಂಟು ಅಂತಸ್ತಿನ ಮನೆಗಳಲ್ಲಿ ಇದ್ರು. ಆಮೇಲೆ 1767ರಲ್ಲಿ ಜೇಮ್ಸ್ ಕ್ರೇಗ್ ಅನ್ನೋ ಯುವಕನ ಪ್ಲಾನ್ ಆರಿಸ್ಕೊಂಡು ಆ ಕಡೆ ನೇರ ರಸ್ತೆಗಳ ಹೊಸ ಊರು ಕಟ್ಟಿದ್ರು. ಎರಡೂ ಸೇರಿ 1995ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ.

ಕೋಟೆ ಬಗ್ಗೆ ಆ ಓದುಗರೇ ಬರ್ದಿದಾರೆ, ನಾನು ಒಂದೇ ವಿಷ್ಯ ಸೇರಿಸ್ತೀನಿ. ಅಲ್ಲಿ ಭಾನುವಾರ, ಗುಡ್ ಫ್ರೈಡೇ, ಕ್ರಿಸ್‌ಮಸ್ ಬಿಟ್ಟು ದಿನಾ ಮಧ್ಯಾಹ್ನ ಒಂದು ಗಂಟೆಗೆ ತೋಪು ಹಾರಿಸ್ತಾರೆ, 1861ರಿಂದ. ಅದು ಬರೀ ಶೋಕಿಗೆ ಶುರುವಾಗಿದ್ದಲ್ಲ. ಲೀತ್ ಬಂದರಿನ ಹಡಗಿನೋರು ಗಡಿಯಾರ ಸರಿ ಮಾಡ್ಕೊಳ್ಳೋಕೆ ಅಂತ ಮೊದಲು ಕಾಲ್ಟನ್ ಗುಡ್ಡದ ಗೋಪುರದ ಮೇಲಿಂದ ಒಂದು ದೊಡ್ಡ ಚೆಂಡು ಬೀಳಿಸ್ತಿದ್ರು, ಮಂಜು ಮುಸುಕಿದ ದಿನ ಚೆಂಡು ಕಾಣ್ತಿರ್ಲಿಲ್ಲ, ಅದಕ್ಕೆ ಕಿವಿಗೆ ಕೇಳೋ ಹಾಗೆ ತೋಪು. ಆಗುಂಬೆ ಮಂಜು ನೋಡಿದ ನಮಗೆ ಇದು ಯಾರೂ ಬಿಡ್ಸಿ ಹೇಳ್ದೆ ಅರ್ಥ ಆಗುತ್ತೆ. ಒಂದು ಗಂಟೆ ಲೆಕ್ಕ ಇಟ್ಕೊಂಡು ಒಳಗೆ ಹೋಗಿ. 1449ರಲ್ಲಿ ಎರಕ ಹೊಯ್ಯದೆ ಕಬ್ಬಿಣದ ಪಟ್ಟಿ ಜೋಡಿಸಿ ಬಳೆ ತೊಡ್ಸಿ ಮಾಡಿದ ಮಾನ್ಸ್ ಮೆಗ್ ಅನ್ನೋ ಭಾರೀ ಫಿರಂಗಿನೂ ಅಲ್ಲೇ ಇದೆ.

ನನ್ನ ಮನ್ಸು ಹೆಚ್ಚು ಹಿಡ್ದಿದ್ದು ನ್ಯಾಷನಲ್ ಮ್ಯೂಸಿಯಂ. ಒಂದು ಕಡೆ 1866ರ ಹಳೇ ಕಟ್ಟಡ, ಗಾಜಿನ ಮಾಡು, ಬೆಳಕು ಹಾಗೇ ಸುರೀತಿರುತ್ತೆ, ಪಕ್ಕದಲ್ಲಿ 1998ರಲ್ಲಿ ತೆರೆದ ಹೊಸ ಕಟ್ಟಡ. ಹೊಸದ್ರಲ್ಲಿ ನೆಲಮಾಳಿಗೆಯಿಂದ ಶುರು ಮಾಡಿದ್ರೆ ಆದಿಮಾನವರ ಕಾಲ, ಮೆಟ್ಲು ಹತ್ತಿದ ಹಾಗೆ ಕಾಲ ಮುಂದಕ್ಕೆ ಬರುತ್ತೆ, ಮೇಲಿನ ಟೆರೇಸಿಗೆ ಹೋದ್ರೆ ಕೋಟೆ ಎದುರಿಗೇ ಕಾಣುತ್ತೆ. ಲೂಯಿಸ್ ದ್ವೀಪದಲ್ಲಿ 1831ರಲ್ಲಿ ಸಿಕ್ಕ, ವಾಲ್ರಸ್ ದಂತದಲ್ಲಿ ಕೆತ್ತಿದ ಚೆಸ್ ಕಾಯಿಗಳಲ್ಲಿ 11 ಇಲ್ಲಿವೆ, ಉಳಿದವು ಹೆಚ್ಚಾಗಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಗಲ್ಲಕ್ಕೆ ಕೈ ಇಟ್ಕೊಂಡು ಯೋಚ್ನೆ ಮಾಡ್ತಾ ಕೂತಿರೋ ರಾಣಿನ ನೋಡಿ, ಎಂಟುನೂರು ವರ್ಷದ ಹಿಂದಿನ ಶಿಲ್ಪಿಯ ಕೈಚಳಕ, ನಮ್ಮ ಸಾಗರದ ಗುಡಿಗಾರರು ನೋಡಿದ್ರೆ ತುಂಬಾ ಹೊತ್ತು ಅಲ್ಲೇ ನಿಲ್ತಾರೆ. ಆಮೇಲೆ ಡಾಲಿ ಕುರಿ, 1996ರಲ್ಲಿ ಎಡಿನ್‌ಬರಾ ಪಕ್ಕದ ರೋಸ್ಲಿನ್ ಇನ್‌ಸ್ಟಿಟ್ಯೂಟ್‌ನಲ್ಲಿ ಹುಟ್ಟಿದ್ದು, ಬೆಳೆದ ಕುರಿಯ ಜೀವಕೋಶದಿಂದ ಮಾಡಿದ ಮೊದಲ ತದ್ರೂಪಿ ಸಸ್ತನಿ. ನಾವು ಪಾಠದಲ್ಲಿ ಒಂದು ಸಾಲಲ್ಲಿ ಹೇಳಿ ಮುಂದೆ ಹೋಗ್ತಿದ್ವಿ, ಅಲ್ಲಿ ಅದೇ ಕುರಿ ಗಾಜಿನೊಳಗೆ ನಿಂತಿದೆ, ಶಾಲೆ ಮಕ್ಕಳು ಸುತ್ತ ನೆಲದ ಮೇಲೆ ಕೂತು ಚಿತ್ರ ಬಿಡಿಸ್ತಿದ್ರು, ಯಾರೂ ಏಳಿ ಅನ್ಲಿಲ್ಲ ಸದ್ದು ಮಾಡ್ಬೇಡಿ ಅನ್ಲಿಲ್ಲ.

ಹೊರಗೆ ಬಂದ್ರೆ ಎದುರಿಗೆ ಬಾಬಿ ಅನ್ನೋ ನಾಯಿಯ ಪ್ರತಿಮೆ. ಯಜಮಾನ ಸತ್ತ ಮೇಲೆ 14 ವರ್ಷ ಗೋರಿ ಕಾಯ್ತು ಅಂತ ಕಥೆ, ನಾಯಿ ಸತ್ತಿದ್ದು 1872ರಲ್ಲಿ. ಜನ ಅದೃಷ್ಟ ಅಂತ ಮೂಗು ಉಜ್ಜಿ ಉಜ್ಜಿ ಸವೆಸ್ತಿದಾರೆ, ದಯವಿಟ್ಟು ನೀವು ಉಜ್ಜಬೇಡಿ. ಅದರ ಕೊರಳಪಟ್ಟಿ, ಊಟದ ಬಟ್ಟಲು ರಾಯಲ್ ಮೈಲ್‌ನ ಕೆಳತುದಿಯ ಮ್ಯೂಸಿಯಂ ಆಫ್ ಎಡಿನ್‌ಬರಾದಲ್ಲಿ ಜೋಪಾನವಾಗಿವೆ. ಅದರ ಎದುರಿಗೇ 1591ರ ಹಳೇ ಜೈಲು ಕಟ್ಟಡದಲ್ಲಿ ಪೀಪಲ್ಸ್ ಸ್ಟೋರಿ ಅಂತ ಇನ್ನೊಂದು, ಅಲ್ಲಿ ರಾಜರಿಲ್ಲ, ಬಟ್ಟೆ ಒಗೆಯೋರು, ಪೀಪಾಯಿ ಮಾಡೋರು, ಕೂಲಿಯೋರು, ಅವರ ಸಂಘದ ಬಾವುಟಗಳು. ಮೇಲ್ಗಡೆ ಒಂದು ಕ್ಲೋಸ್‌ನಲ್ಲಿ 1622ರ ಮನೆಯೊಳಗೆ ಬರ್ನ್ಸ್, ಸ್ಕಾಟ್, ಸ್ಟೀವನ್‌ಸನ್ ಮೂರು ಲೇಖಕರ ಸಾಮಾನುಗಳು, ಅಂಗಳದ ಚಪ್ಪಡಿ ಮೇಲೆಲ್ಲ ಅಲ್ಲಿನ ಕವಿಗಳ ಸಾಲು ಕೆತ್ತಿದಾರೆ. ಕುಪ್ಪಳ್ಳಿ ಕವಿಮನೆ ನೋಡಿ ಬೆಳೆದೋಳಿಗೆ ಅಲ್ಲಿ ನಿಂತಾಗ ಹೆಮ್ಮೆನೂ ಆಯ್ತು, ನಮ್ಮಲ್ಲೂ ಒಬ್ಬ ಕವಿಗೆ ಇಷ್ಟು ಚೆಂದದ ಮನೆ ಇದೆಯಲ್ಲ ಅಂತ.

ಇಲ್ಲಿ ಒಂದು ಗಮನಿಸಿ, ಈ ಸಣ್ಣ ಮ್ಯೂಸಿಯಂಗಳನ್ನ ನಡೆಸೋದು ಆ ಊರಿನ ಕೌನ್ಸಿಲ್, ಅಂದ್ರೆ ನಮ್ಮ ಮಹಾನಗರ ಪಾಲಿಕೆ ಥರದ್ದೇ. ಕಸ ಎತ್ತೋ, ರಸ್ತೆ ನೋಡ್ಕೊಳ್ಳೋ ಸಂಸ್ಥೆನೇ ಊರಿನ ನೆನಪುಗಳನ್ನೂ ನೋಡ್ಕೊಳ್ಳುತ್ತೆ. ಟೂರಿಸ್ಟ್‌ಗಳು ಉಳ್ಕೊಳ್ಳೋ ರೂಮಿನ ಬಾಡಿಗೆ ಮೇಲೆ 2026ರ ಜುಲೈಯಿಂದ 5 ಪರ್ಸೆಂಟ್ ಶುಲ್ಕ ಅಂತನೂ ಅದೇ ಕೌನ್ಸಿಲ್ ತೀರ್ಮಾನ ಮಾಡಿದೆ, ಊರಿಗೇ ಆ ದುಡ್ಡು.

ಇನ್ನು ನಮಗೂ ಆ ಊರಿಗೂ ಇರೋ ನಂಟು, ಇದು ಯಾವ ಟೂರ್ ಗೈಡೂ ಹೇಳಲ್ಲ. ಫ್ರಾನ್ಸಿಸ್ ಬುಕನನ್ ಅಂತ ಒಬ್ರು, ಎಡಿನ್‌ಬರಾದಲ್ಲಿ ವೈದ್ಯ ಓದಿ 1783ರಲ್ಲಿ ಎಂ.ಡಿ. ಪಡೆದೋರು, ಗಿಡಮರದ ಪಾಠನೂ ಅಲ್ಲೇ ಕಲ್ತಿದ್ದು. ಟಿಪ್ಪು ಸತ್ತ ಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿ ಇವರನ್ನ ಮೈಸೂರು, ಕೆನರಾ, ಮಲಬಾರ್ ಸುತ್ತಿ ವರದಿ ಕೊಡಿ ಅಂತ ಕಳಿಸಿದ್ರು, 1800-01ರಲ್ಲಿ ಅವರು ನಮ್ಮ ಬಿದನೂರು ನಗರ, ಇಕ್ಕೇರಿ, ಸಾಗರದ ಕಡೆ ಓಡಾಡಿ ಅಡಿಕೆ ತೋಟ, ಮೆಣಸು, ಗದ್ದೆ, ಕಂದಾಯ ಎಲ್ಲ ಕೇಳಿ ಬರ್ಕೊಂಡು ಹೋಗಿ 1807ರಲ್ಲಿ ಪುಸ್ತಕ ಮಾಡಿದ್ರು. ಕಂಪನಿ ಸರ್ಕಾರದ ಕೆಲ್ಸಕ್ಕೆ ಬಂದಿದ್ದು ಅನ್ನೋದು ಮರೀಬಾರ್ದು, ಆದ್ರೂ ಇನ್ನೂರು ವರ್ಷದ ಹಿಂದಿನ ನಮ್ಮ ತೋಟ ಹೇಗಿತ್ತು ಅಂತ ತಿಳೀಬೇಕಾದ್ರೆ ಇವತ್ತಿಗೂ ಅದನ್ನೇ ಓದ್ಬೇಕು. ಹಾಗೇ ಸ್ಕಾಟ್ಲೆಂಡಿನ ನ್ಯಾಷನಲ್ ಗ್ಯಾಲರಿಗಳ ಸಂಗ್ರಹದಲ್ಲಿ ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ ದೊಡ್ಡ ಚಿತ್ರ ಇದೆ, ಶ್ರೀರಂಗಪಟ್ಟಣದಲ್ಲಿ ಟಿಪ್ಪು ದೇಹವನ್ನ ಜನರಲ್ ಬೇರ್ಡ್ ಕಂಡ ಸಂದರ್ಭ. ಬೇರ್ಡ್ ಸ್ಕಾಟ್ಲೆಂಡಿನೋನು, ಅದೇ ಪಟ್ಟಣದಲ್ಲಿ 1784ರವರೆಗೆ ವರ್ಷಗಟ್ಲೆ ಸೆರೆ ಇದ್ದೋನು. ಗೆದ್ದೋರ ಕಡೆಯಿಂದ ಬಿಡಿಸಿದ ಚಿತ್ರ ಅದು, ನಾವು ನಮ್ಮ ಕಣ್ಣಲ್ಲಿ ನೋಡ್ಬೇಕು.

ಸಂಪಾದಕರೇ, ಇಷ್ಟೆಲ್ಲ ಬರೆಯೋಕೆ ಕಾರಣ ಇನ್ನೊಂದೂ ಇದೆ. ಅಲ್ಲಿ ಒಂದು ನಾಯಿಯ ಬಟ್ಟಲಿನ ಪಕ್ಕನೂ ಓದೋಕೆ ನಾಲ್ಕು ಸಾಲು ಇದೆ, ಯಾರದ್ದು, ಏನು, ಯಾಕೆ ಉಳಿಸ್ಕೊಂಡ್ವಿ ಅಂತ, ಆರನೇ ಕ್ಲಾಸಿನ ಮಗು ಓದೋ ಭಾಷೆಯಲ್ಲಿ. ನಮ್ಮ ಮಲೆನಾಡಲ್ಲಿ ಎಷ್ಟು ಊರಿನ ಗದ್ದೆ ಬದುವಲ್ಲಿ, ದೇವಸ್ಥಾನದ ಅಂಗಳದಲ್ಲಿ ವೀರಗಲ್ಲು ಮಾಸ್ತಿಕಲ್ಲು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವೆ ಅಪ್ಸರೆಯರು ವೀರನನ್ನ ಕರ್ಕೊಂಡು ಹೋಗೋದು, ಮೇಲೆ ಲಿಂಗಪೂಜೆ, ಸೂರ್ಯ ಚಂದ್ರ, ಕೆಲವದ್ರಲ್ಲಿ ದನ ಕಾಯೋಕೆ ಹೋಗಿ ಸತ್ತೋನ ಹೆಸರು ಸಮೇತ ಇರುತ್ತೆ. ಪಕ್ಕದಲ್ಲಿ ಒಂದು ಸಾಲು ವಿವರಣೆ ಇರಲ್ಲ, ಬೋರ್ಡ್ ಇದ್ರೂ ಹಾಳು ಮಾಡಿದ್ರೆ ದಂಡ ಅನ್ನೋದಷ್ಟೇ ಇರುತ್ತೆ. ತಾಳಗುಂದದ ಶಾಸನದ ಕಂಬದಲ್ಲಿ ಮಯೂರಶರ್ಮ ಅಜ್ಜನ ಜೊತೆ ಓದೋಕೆ ಕಂಚಿಗೆ ಹೋಗಿದ್ದು, ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿದ್ದು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದ್ದು ಎಲ್ಲ ಕುಬ್ಜ ಅನ್ನೋ ಕವಿ ಸಂಸ್ಕೃತದಲ್ಲಿ ಹಾಡಿದಾನೆ, ಇದಕ್ಕಿಂತ ಒಳ್ಳೇ ಕಥೆ ಯಾವ ಊರಲ್ಲಿದೆ ಹೇಳಿ.

ಓದೋರು ಯಾರು ಅಂತ ಕೇಳ್ಬೇಡಿ, ಓದೋ ಕೆಲ್ಸ ನೂರು ವರ್ಷದ ಹಿಂದೆನೇ ಆಗಿದೆ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ 7 ಮತ್ತು 8ನೇ ಸಂಪುಟದಲ್ಲಿ ಶಿವಮೊಗ್ಗ ಜಿಲ್ಲೆ ಶಾಸನಗಳನ್ನ 1902 ಮತ್ತು 1904ರಲ್ಲೇ ಅಚ್ಚು ಹಾಕಿಸಿದಾರೆ. ಅದರಿಂದ ಆರಿಸ್ಕೊಂಡು ಇವತ್ತಿನ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಮಳೆಗೆ ತಡೆಯೋ ಬೋರ್ಡ್ ಹಾಕೋದಷ್ಟೇ ಬಾಕಿ. ಪುರಾತತ್ವ ಇಲಾಖೆಯೋರು ತುಂಗಾ ದಡದ ಶಿವಪ್ಪನಾಯಕ ಅರಮನೆ ಮ್ಯೂಸಿಯಂನಿಂದ ಶುರು ಮಾಡ್ಲಿ, ಮರದ ಕಂಬದ ಆ ಕಟ್ಟಡನೇ ಅರ್ಧ ಪಾಠ ಹೇಳುತ್ತೆ, ಆಮೇಲೆ ಕೆಳದಿ, ಇಕ್ಕೇರಿ, ಬಳ್ಳಿಗಾವೆ. ಭಾನುವಾರ ಮತ್ತು ಶಾಲೆ ರಜೆಯಲ್ಲಿ ಶಿವಮೊಗ್ಗ ಬಸ್ ಸ್ಟ್ಯಾಂಡಿಂದ ಈ ಊರುಗಳಿಗೆ ಒಂದು ಸುತ್ತು ಬಸ್ ಬಿಟ್ರೆ ಜೋಗಕ್ಕೆ ಬಂದೋರೂ ಒಂದು ದಿನ ಹೆಚ್ಚು ಉಳೀತಾರೆ.

ಬರೆದು ಕೊಡೋಕೆ ನಾವು ರಿಟೈರ್ಡ್ ಮೇಷ್ಟ್ರು, ಟೀಚರ್‌ಗಳು ಕೆಲವರು ರೆಡಿ ಇದೀವಿ. ನಮಗೆ ದುಡ್ಡು ಬೇಡ, ಇಲಾಖೆಯ ಪರ್ಮಿಷನ್ ಬೇಕು, ಬರೆದಿದ್ದನ್ನ ತಿದ್ದೋಕೆ ಒಬ್ಬ ಶಾಸನ ತಜ್ಞರು ಬೇಕು. ಸಂಬಂಧಪಟ್ಟೋರು ನಿಮ್ಮ ಪೇಪರ್ ಮೂಲಕ ಉತ್ತರ ಕೊಟ್ರೂ ಸಾಕು, ಮಳೆಗಾಲ ಮುಗಿದ ಕೂಡ್ಲೇ ಮೊದಲನೇ ಕಲ್ಲಿಂದ ಕೆಲ್ಸ ಶುರು ಮಾಡ್ತೀವಿ.

ಇಂತಿ,
ನಿವೃತ್ತ ಹೈಸ್ಕೂಲ್ ಟೀಚರ್,
ತೀರ್ಥಹಳ್ಳಿ