ಅವ್ವ ಈಜು ಕಲಿತದ್ದು ಯಾಕೆ

ನವನಗರ, ಬಾಗಲಕೋಟೆ

ಪ್ರೀತಿಯ ಸುಮಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ತಲೆಯಲ್ಲಿದೆ. "ಅವ್ವಾ, ಈ ವಯಸ್ಸಿನಾಗ ಟ್ರಯಥ್ಲಾನ್ ಯಾಕ ಬೇಕಾಗಿತ್ತು? ವಾಕಿಂಗ್ ಸಾಕಾಗ್ತಿರಲಿಲ್ಲೇನು?" ಅಂದೆ. ನಿನ್ನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ನನಗೆ ಆಫೀಸಿಗೆ ಹೊತ್ತಾಗಿತ್ತು, ಒಲೆಯ ಮೇಲೆ ರೊಟ್ಟಿ ಇತ್ತು. ಆಮೇಲೆ ಮಾತಾಡೋಣ ಅಂತ ಇಟ್ಟುಬಿಟ್ಟೆ. ಇದು ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ನಿಧಾನಕ್ಕೆ ಓದು.

ಮೊದಲು ನಿನ್ನ ಹೆದರಿಕೆಗೆ ಉತ್ತರ. ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು ಮಾಡುವ ಸ್ಪರ್ಧೆ. ನೀನು ಓದಿಕೊಂಡಿದ್ದು ಅದರಲ್ಲೇ ಬಹಳ ಉದ್ದದ ಐರನ್‌ಮ್ಯಾನ್ ಬಗ್ಗೆ. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅದರ ಮೇಲೆ 42.2 ಕಿ.ಮೀ. ಓಟ. ನಾನು ಹೆಸರು ಕೊಟ್ಟಿರುವುದು ಅದಕ್ಕಲ್ಲ. ನನ್ನದು ಸ್ಪ್ರಿಂಟ್ ಅನ್ನುವ ಸಣ್ಣ ಟ್ರಯಥ್ಲಾನ್. 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ಸ್‌ನಲ್ಲಿ ನಡೆಯುವುದು ಇದರ ಎರಡರಷ್ಟು. ಹೊಸಬರು ಸ್ಪ್ರಿಂಟ್‌ನಿಂದಲೇ ಶುರು ಮಾಡುತ್ತಾರೆ.

ಡಾಕ್ಟರಿಗೂ ತೋರಿಸಿದ್ದೇನೆ. ಟ್ರಯಥ್ಲಾನ್‌ನಲ್ಲಿ ಜೀವಕ್ಕೆ ಅಪಾಯ ಆಗುವುದು ಬಹಳ ಸಲ ಈಜಿನಲ್ಲೇ. ನಲವತ್ತು ದಾಟಿದವರು ಹೃದಯ ತೋರಿಸಿಕೊಂಡೇ ನೀರಿಗೆ ಇಳಿಯಬೇಕು. ಅದು ಗೊತ್ತಿದ್ದೇ ಮೊದಲು ಇಸಿಜಿ ಮಾಡಿಸಿದೆ, ಆಮೇಲೆ ಸ್ವಿಮ್‌ಸೂಟ್ ಕೊಂಡೆ. ಬಿಪಿ, ಶುಗರ್, ರಕ್ತ ಎಲ್ಲ ನೋಡಿದ್ದಾರೆ. ರಿಪೋರ್ಟಿನ ಫೋಟೊ ನಿಮ್ಮಪ್ಪ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ನೋಡಿ ಸಮಾಧಾನ ಮಾಡಿಕೋ.

"ಹಿನ್ನೀರಿನಾಗ ಈಸ್ತೀಯೇನು?" ಅಂತಲೂ ಕೇಳಿದೆಯಲ್ಲ. ಇಲ್ಲ ಮಗಳೆ. ಅಣೆಕಟ್ಟಿನ ಆ ನೀರಿನ ಕೆಳಗೆ ಮುಳುಗಿದ ಊರುಗಳ ಹಳೆಯ ಗೋಡೆಗಳಿವೆ, ಜಾಲಿಕಂಟಿ ಇದೆ, ಕಾಲಿಟ್ಟರೆ ಹೂತುಹೋಗುವ ಕೆಸರು ಇದೆ. ಕೃಷ್ಣೆಯಲ್ಲಿ ಮೊಸಳೆಯೂ ಇವೆ. ನಾನು ಕಲಿತದ್ದು, ಈಗಲೂ ಈಜುವುದು ಈಜುಕೊಳದಲ್ಲೇ. ಕಾಯಲು ಜನ ಇಲ್ಲದ ಕಡೆ ಇಳಿಯುವುದಿಲ್ಲ.

ಇನ್ನು ಯಾಕೆ ಅನ್ನುವುದು.

ನನ್ನ ತವರೂರನ್ನು ನೀನು ನೋಡಿಲ್ಲ. ನೋಡಲು ಅದು ಉಳಿದೇ ಇಲ್ಲ, ಆಲಮಟ್ಟಿ ಅಣೆಕಟ್ಟಿಗೆ ಮುಳುಗಡೆ ಆಯಿತು. ನೀನು ನೋಡಿದ ಅಜ್ಜನ ಮನೆ ಪುನರ್ವಸತಿ ಕೇಂದ್ರದ್ದು. ಹಳೇ ಊರು ಹೊಳೆಯ ದಂಡೆಗೇ ಇತ್ತು. ಬೇಸಿಗೆ ಬಂತೆಂದರೆ ಗಂಡುಹುಡುಗರು ಮುಂಜಾನೆಯಿಂದ ನೀರಲ್ಲೇ. ಸಣ್ಣವರ ನಡುವಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ಬಿಡುತ್ತಿದ್ದರು. ನಿನ್ನ ಸೋದರಮಾವನೂ ಹಾಗೇ ಕಲಿತ. ಒಂದು ಬೇಸಿಗೆಯೊಳಗೆ ಬುರುಡೆ ಬಿಚ್ಚಿ ಒಗೆದು ಆಚೆ ದಂಡೆ ಮುಟ್ಟಿ ಬರುತ್ತಿದ್ದ. ಅವನಿಗೆ ಯಾರೂ ಫೀ ಕಟ್ಟಲಿಲ್ಲ, ಯಾರೂ ಪರವಾನಗಿ ಕೇಳಲಿಲ್ಲ.

ನಾವು ಹುಡುಗಿಯರೂ ದಿನಾ ಅದೇ ಹೊಳೆಗೆ ಹೋಗುತ್ತಿದ್ದೆವು. ಕೊಡ ತುಂಬಲು, ಬಟ್ಟೆ ಒಗೆಯಲು, ಎಮ್ಮೆ ಮೈ ತೊಳೆಯಲು. ನೀರಿನ ಹತ್ತಿರ ಹುಡುಗರಿಗಿಂತ ನಾವೇ ಜಾಸ್ತಿ ಹೊತ್ತು ಇರುತ್ತಿದ್ದೆವು. ಆದರೆ ಮೊಣಕಾಲಿನ ಮಟ್ಟ ದಾಟುವಂತಿರಲಿಲ್ಲ. "ಹೆಣ್ಣುಹುಡುಗಿ ಹೊಳ್ಯಾಗ ಈಸೂದೇನು, ನೋಡಿದವ್ರು ಏನಂದಾರು" ಅಂತ ಅಜ್ಜಿ. ನಮ್ಮ ಓಣಿಯ ಒಬ್ಬ ಹುಡುಗಿ, ನನ್ನ ಓರಗೆಯವಳು, ಒಗೆಯುವ ಕಲ್ಲಿನ ಮೇಲಿಂದ ಜಾರಿದಳು. ದಂಡೆಯ ಮೇಲೆ ಇದ್ದವರೆಲ್ಲ ಹೆಂಗಸರು. ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಸೀರೆಯ ಸೆರಗು ಗಂಟು ಹಾಕಿ ಎಸೆದರು, ಮುಟ್ಟಲಿಲ್ಲ. ಹೊಲದಿಂದ ಗಂಡಸರು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಗ ಊರಲ್ಲಿ ಎಲ್ಲರೂ ಅವಳ ಹಣೆಬರಹ ಅಂದರು. ಅವಳಿಗೆ ಯಾರೂ ಈಜು ಕಲಿಸಿರಲಿಲ್ಲ ಅಂತ ಒಬ್ಬರೂ ಅನ್ನಲಿಲ್ಲ. ನನಗೆ ಅದು ಇವತ್ತಿಗೂ ನುಂಗಲಾಗದ ತುತ್ತು.

ಹಾಗಾಗಿ ಟ್ರಯಥ್ಲಾನ್ ಅಂತ ಕೇಳಿದಾಗ ನನ್ನನ್ನು ಎಳೆದದ್ದು ಸೈಕಲ್ಲೂ ಅಲ್ಲ, ಓಟವೂ ಅಲ್ಲ. ಆ 750 ಮೀಟರ್ ನೀರು.

ಕಲಿಸುವ ಹುಡುಗಿ ನಿನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ನನ್ನನ್ನು ಆಂಟಿ ಅನ್ನುತ್ತಾಳೆ, ಆದರೆ ತಪ್ಪಿದರೆ ಬಿಡುವುದಿಲ್ಲ. ಶುರುವಿನಲ್ಲಿ ಕೈಕಾಲು ಬಡಿಯಲು ಬಿಡಲೇ ಇಲ್ಲ. ಗೋಡೆಯ ಕಂಬಿ ಹಿಡಿದು ನಿಂತು, ಮುಖ ನೀರಲ್ಲಿಟ್ಟು, ಉಸಿರು ಬಿಡಿ ಅಂದಳು. ಬಾಯಿಂದ ಮೂಗಿನಿಂದ ಗುಳ್ಳೆ ಬರುವ ಹಾಗೆ, ಪೂರ್ತಿ. ಅಷ್ಟೇ ಪಾಠ. ಇದು ಸುಲಭ ಅನ್ನಿಸುತ್ತದೆ, ಅಲ್ವಾ? ಮಾಡಿ ನೋಡು. ಮುಖ ನೀರಿಗೆ ತಾಗಿದ ಕೂಡಲೇ ಮೈ ತಾನೇ ಉಸಿರು ಬಿಗಿಹಿಡಿಯುತ್ತದೆ. ಸ್ವಲ್ಪ ಹೊತ್ತಿಗೆ ಎದೆ ಒತ್ತಿ ಬರುತ್ತದೆ, ಸತ್ತೇಹೋದೆ ಅನ್ನಿಸುತ್ತದೆ. ಅಷ್ಟು ಬೇಗ ಆಮ್ಲಜನಕ ಮುಗಿದಿರುವುದಿಲ್ಲ. ಒಳಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿರುತ್ತದೆ, ಮೆದುಳು ಅದಕ್ಕೇ ಚಡಪಡಿಸುತ್ತದೆ. ಅದನ್ನು ನೀರೊಳಗೇ ಬಿಟ್ಟುಬಿಟ್ಟರೆ, ಮುಖ ಪಕ್ಕಕ್ಕೆ ಹೊರಳಿಸಿದಾಗ ಉಸಿರು ಎಳೆದುಕೊಳ್ಳುವ ಕೆಲಸ ಮಾತ್ರ ಉಳಿಯುತ್ತದೆ. ಬಿಡದೆ ಇದ್ದರೆ ಆ ಒಂದು ಕ್ಷಣದಲ್ಲಿ ಬಿಡುವುದೂ ಆಗಬೇಕು, ಎಳೆಯುವುದೂ ಆಗಬೇಕು. ಎರಡೂ ಆಗುವುದಿಲ್ಲ. ಗಾಬರಿ ಶುರುವಾಗುವುದು ಅಲ್ಲಿಂದಲೇ.

ಆಮೇಲೆ ತಲೆ. ಹೆದರಿದವರು ತಲೆ ಮೇಲೆತ್ತುತ್ತಾರೆ. ತಲೆ ಎತ್ತಿದರೆ ಸೊಂಟ, ಕಾಲು ಕೆಳಗೆ ಹೋಗುತ್ತವೆ, ಮುಂದೆ ಹೋಗಲು ಇನ್ನೂ ಹೆಚ್ಚು ಶಕ್ತಿ ಬೇಕು. ಮುಖ ಕೆಳಗಿಟ್ಟು, ಕೊಳದ ತಳದ ಗೆರೆ ನೋಡುತ್ತ ಮಲಗಿದರೆ ನೀರೇ ಎತ್ತಿ ಹಿಡಿಯುತ್ತದೆ. ನೀರು ನನ್ನನ್ನು ಮೊದಲ ಸಲ ಹಾಗೆ ಹಿಡಿದ ದಿನ ಕಂಬಿ ಹಿಡಿದು ನಿಂತು ಅತ್ತುಬಿಟ್ಟೆ ಸುಮಾ. ಆ ಹುಡುಗಿ "ಯಾಕ್ರೀ ಆಂಟಿ, ಮೂಗಿನಾಗ ನೀರ್ ಹೋತೇನ್ರೀ?" ಅಂತ ಓಡಿ ಬಂದಳು. ನನ್ನ ಮನಸ್ಸಿನಲ್ಲಿದ್ದವಳು ಆ ಒಗೆಯುವ ಕಲ್ಲಿನ ಹುಡುಗಿ.

25 ಮೀಟರ್ ಕೊಳದಲ್ಲಿ 750 ಅಂದರೆ ಮೂವತ್ತು ಸಲ ಈ ಕಡೆಯಿಂದ ಆ ಕಡೆಗೆ. ಈಗ ನಿಲ್ಲದೆ ಮಾಡುತ್ತೇನೆ. ಜೋರಾಗಿ ಅಲ್ಲ, ಸಮನಾಗಿ. ಸ್ಪರ್ಧೆ ಇರುವುದು ಕೆರೆಯಲ್ಲಿ. ಅಲ್ಲಿ ತಳದ ಗೆರೆ ಕಾಣುವುದಿಲ್ಲ, ಹಿಡಿಯಲು ಗೋಡೆ ಇರುವುದಿಲ್ಲ. ಅದಕ್ಕೆ ಏಳೆಂಟು ಕೈ ಹಾಕಿದಾಗೊಮ್ಮೆ ಕಣ್ಣು ಮಾತ್ರ ನೀರಿನ ಮೇಲೆ ಎತ್ತಿ ದಿಕ್ಕು ನೋಡುವುದನ್ನು ಕೊಳದಲ್ಲೇ ರೂಢಿ ಮಾಡಿಕೊಳ್ಳುತ್ತಿದ್ದೇನೆ. ಸುಸ್ತಾದರೆ ಕಾವಲಿನ ದೋಣಿಯನ್ನೋ ತೇಲುವ ಬೋಯನ್ನೋ ಹಿಡಿದು ದಣಿವಾರಿಸಿಕೊಳ್ಳಬಹುದು. ಅದನ್ನು ಹಿಡಿದು ಮುಂದೆ ಸಾಗಬಾರದು ಅಷ್ಟೇ. ಇದು ನಿನಗೆ ಗೊತ್ತಿರಲಿ ಅಂತ ಬರೆದೆ. ನಾನು ನಡುವೆ ನಿಂತರೆ ಮುಳುಗಿದೆ ಅಂತ ತಿಳಿಯಬೇಡ.

ಬಟ್ಟೆಯ ಬಗ್ಗೆ ನಿನ್ನ ದೊಡ್ಡಮ್ಮ ಎರಡು ಮಾತು ಅಂದಳು. ಮೈ ಮುಚ್ಚುವ ಸ್ವಿಮ್‌ಸೂಟ್ ಸಿಗುತ್ತದೆ, ಹೆಂಗಸರಿಗೆ ಬೇರೆ ಹೊತ್ತೂ ಇದೆ ಅಂದೆ. ಆಕೆಯನ್ನೂ ಬಾ ಅಂತ ಕರೆದಿದ್ದೇನೆ.

ಸೈಕಲ್ ನಿನ್ನದೇ. ಪಿಯುಸಿಗೆ ಹೋಗುವಾಗ ಕೊಡಿಸಿದ್ದ ಗೇರ್ ಸೈಕಲ್. ಟೈರು, ಬ್ರೇಕ್ ಕೇಬಲ್, ಚೈನು ಬದಲಿಸಿದೆ. ಸ್ಪ್ರಿಂಟ್‌ಗೆ ಲಕ್ಷಗಟ್ಟಲೆ ಬೆಲೆಯ ಸೈಕಲ್ ಬೇಕಾಗಿಲ್ಲ, ಬ್ರೇಕ್ ಸರಿ ಇರಬೇಕು, ಹೆಲ್ಮೆಟ್ ಬೇಕೇಬೇಕು. ಹೆಲ್ಮೆಟ್ಟಿನ ಬಕಲ್ ಹಾಕದೆ ಸ್ಟ್ಯಾಂಡಿನಿಂದ ಸೈಕಲ್ ತೆಗೆಯುವಂತಿಲ್ಲ ಅಂತ ಸ್ಪರ್ಧೆಯ ನಿಯಮವೇ ಇದೆ. ಬೆಳಗ್ಗೆ ಗದ್ದನಕೇರಿ ಕ್ರಾಸ್ ದಾಟಿ ಕಲಾದಗಿ ಕಡೆಗೆ ಹೋಗುತ್ತೇನೆ. ಆಷಾಢದಲ್ಲಿ ಹೋಗುವಾಗ ಪಡುವಣ ಗಾಳಿ ಎದೆಗೇ ಬಡಿಯುತ್ತದೆ, ಎಷ್ಟು ತುಳಿದರೂ ಸೈಕಲ್ ಮುಂದೆ ಹೋಗುವುದಿಲ್ಲ. ಆಗ ಹಟ ಹಿಡಿದು ದೊಡ್ಡ ಗೇರಿನಲ್ಲಿ ತುಳಿದರೆ ಮೊಣಕಾಲು ಹೋಗುತ್ತದೆ. ಹಗುರ ಗೇರಿಗೆ ಇಳಿಸಿ, ಕಾಲು ಬೇಗ ಬೇಗ ತಿರುಗಿಸಬೇಕು. ಬರುವಾಗ ಅದೇ ಗಾಳಿ ಬೆನ್ನು ತಳ್ಳುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಆ ದಾರಿಯಲ್ಲಿ ಸಿಗುವ ಹುಡುಗ ಹುಡುಗಿಯರು. ನಮ್ಮ ಬಾಗಲಕೋಟೆ, ವಿಜಯಪುರದ ಮಕ್ಕಳು ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟದಲ್ಲಿ ಎಷ್ಟು ಪದಕ ತಂದಿದ್ದಾರೆ ನಿನಗೆ ಗೊತ್ತೇ ಇದೆ. ಹೆಚ್ಚಿನವರು ರೈತರ ಮಕ್ಕಳು. ಒಬ್ಬಳು ಹುಡುಗಿ ನನ್ನ ಪಕ್ಕಕ್ಕೆ ಬಂದು "ಅವ್ವಾರ, ಸೀಟು ಒಂದ್ ಬಟ್ಟು ಮ್ಯಾಲ ಮಾಡ್ಕೋರಿ" ಅಂದು ಮುಂದೆ ಹೋದಳು. ಮನೆಗೆ ಬಂದು ಮಾಡಿಕೊಂಡೆ. ಅವತ್ತಿನಿಂದ ಮೊಣಕಾಲು ನೋವು ಕಡಿಮೆ.

ಕಬ್ಬಿನ ಹಂಗಾಮಿನಲ್ಲಿ ಮಾತ್ರ ಕತ್ತಲಲ್ಲಿ ಹೊರಡುವುದಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು, ಹಿಂದೆ ದೀಪ ಇರುವುದಿಲ್ಲ, ಹಾಡು ಜೋರಾಗಿ ಹಚ್ಚಿರುತ್ತಾರೆ, ಹಾರ್ನ್ ಕೇಳುವುದೂ ಇಲ್ಲ. ಬೆಳಕು ಹರಿಯುವ ತನಕ ಕಾಯುತ್ತೇನೆ. ಉಳಿದ ದಿನ ನಿಮ್ಮಪ್ಪ ಸ್ಕೂಟರಿನಲ್ಲಿ ಹಿಂದೆ ಬರುತ್ತಾರೆ. ಕಲಾದಗಿಯಲ್ಲಿ ಚಿಕ್ಕು ಕೊಂಡು ಬರುವ ಆಸೆಯೂ ಅವರಿಗೆ ಇದೆ.

ಮೂರರಲ್ಲಿ ಎಲ್ಲಕ್ಕಿಂತ ಕಷ್ಟದ್ದು ಯಾವುದು ಗೊತ್ತಾ? ಸೈಕಲ್ ಇಳಿದು ಓಡುವ ಮೊದಲ ಹತ್ತು ನಿಮಿಷ. ಕಾಲು ನನ್ನವೇ ಅಲ್ಲ ಅನ್ನಿಸುತ್ತದೆ. ಅಷ್ಟು ಹೊತ್ತು ಸೊಂಟ ಬಾಗಿಸಿ ಗುಂಡಗೆ ತಿರುಗಿಸಿದ ಕಾಲಿಗೆ, ಒಮ್ಮೆಲೆ ನೆಟ್ಟಗೆ ನಿಂತು ಮೈಭಾರ ಹೊತ್ತು ಓಡು ಅಂದರೆ ತಿಳಿಯುವುದಿಲ್ಲ. ಅದಕ್ಕೆ ಬ್ರಿಕ್ ಅಂತ ಅಭ್ಯಾಸ ಇದೆ. ಸೈಕಲ್ ಮುಗಿಸಿದ ಕೂಡಲೇ, ಕುಳಿತುಕೊಳ್ಳದೆ, ಸ್ವಲ್ಪ ದೂರ ಓಡುವುದು. ಭಾನುವಾರ ನಾನು ಗೇಟಿನ ಒಳಗೆ ಸೈಕಲ್ ಒರಗಿಸಿ ಹಾಗೇ ಸೆಕ್ಟರಿನ ರಸ್ತೆಗೆ ಓಡುತ್ತೇನೆ. ಸಣ್ಣ ಸಣ್ಣ ಹೆಜ್ಜೆ ಇಟ್ಟರೆ ಕಾಲು ಬೇಗ ದಾರಿಗೆ ಬರುತ್ತದೆ. ನವನಗರದ ಅಗಲ ರಸ್ತೆಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಮುಳುಗಡೆಯವರಿಗಾಗಿ ಕಟ್ಟಿದ ಊರಿನಲ್ಲಿ ನನಗೆ ಸಿಕ್ಕ ಒಂದು ಒಳ್ಳೆಯದು ಅಂದರೆ ಈ ರಸ್ತೆ.

ಊಟದ ಬಗ್ಗೆ ಚಿಂತೆ ಮಾಡಬೇಡ. ಡಬ್ಬಿಗಟ್ಟಲೆ ಪೌಡರ್ ಏನೂ ತರಿಸಿಲ್ಲ. ಹೊರಡುವ ಮೊದಲು ಬಾಳೆಹಣ್ಣು, ಒಂದು ಶೇಂಗಾ ಉಂಡಿ. ದಾರಿಗೆ ಇಂಡಿ ಲಿಂಬೆ ಹಿಂಡಿ, ಬೆಲ್ಲ ಉಪ್ಪು ಕದಡಿದ ನೀರು. ನಮ್ಮ ಬಿಸಿಲಿನಲ್ಲಿ ಬರೀ ನೀರು ಕುಡಿಯುತ್ತ ಹೋದರೆ ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರುವುದಿಲ್ಲ. ಬಂದ ಮೇಲೆ ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ.

ವಯಸ್ಸಿನ ಮಾತು ಎತ್ತಿದೆಯಲ್ಲ, ಒಂದು ವಿಷಯ ಹೇಳುತ್ತೇನೆ. ಅಮೆರಿಕದಲ್ಲಿ ಮಡೋನ ಬ್ಯೂಡರ್ ಅಂತ ಒಬ್ಬ ಕ್ರೈಸ್ತ ಸನ್ಯಾಸಿನಿ. ಓಡಲು ಶುರು ಮಾಡಿದ್ದೇ 48ನೇ ವಯಸ್ಸಿನಲ್ಲಿ. 2012ರಲ್ಲಿ, 82ನೇ ವಯಸ್ಸಿನಲ್ಲಿ, ಪೂರ್ತಿ ಐರನ್‌ಮ್ಯಾನ್ ಮುಗಿಸಿದರು. ಅವರು ಶುರು ಮಾಡಿದ ವಯಸ್ಸಿಗಿಂತ ನಾನು ಎರಡು ವರ್ಷ ಚಿಕ್ಕವಳೇ ಇದ್ದೇನೆ. ಆದರೆ ನನಗೆ ಅವರಿಗಿಂತ ಹೆಚ್ಚು ನೆನಪಾಗುವವರು ಬಂಗಾಳದ ಆರತಿ ಸಹಾ. 1959ರಲ್ಲಿ, 19ನೇ ವಯಸ್ಸಿನಲ್ಲಿ, ಇಂಗ್ಲಿಷ್ ಕಾಲುವೆ ಈಜಿದ ಏಷ್ಯಾದ ಮೊದಲ ಮಹಿಳೆ. ಅವರು ಈಜು ಕಲಿತದ್ದು ಊರಿನ ನದಿಯ ಘಾಟಿನಲ್ಲಿ, ಚಿಕ್ಕವಳಿದ್ದಾಗ ಮನೆಯವರ ಜೊತೆ ಸ್ನಾನಕ್ಕೆ ಹೋಗುತ್ತ. ಘಾಟು ನಮಗೂ ಇತ್ತು, ಹೊಳೆಯೂ ಇತ್ತು. "ಈಸು" ಅಂತ ಹೇಳುವ ಒಬ್ಬರು ಇರಲಿಲ್ಲ.

ಆ ಹೇಳುವವಳು ನಿನಗೆ ನಾನಾಗಬೇಕು ಸುಮಾ. ನಿನಗೂ ಈಜು ಬರುವುದಿಲ್ಲ. ನೀನು ಚಿಕ್ಕವಳಿದ್ದಾಗ ಹತ್ತಿರದಲ್ಲಿ ಕಲಿಸುವವರು ಇರಲಿಲ್ಲ. ಆಮೇಲೆ ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ ಅಂತ ವರ್ಷ ಹೋದವು. ಈಗ ಗೆಳತಿಯರ ಜೊತೆ ಗೋಕರ್ಣ, ಜೋಗ ಅಂತ ತಿರುಗುತ್ತೀ, ನೀರಿನ ಅಂಚಿನಲ್ಲಿ ನಿಂತ ಫೋಟೊ ಕಳಿಸುತ್ತೀ. ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ನನ್ನ ಬಗ್ಗೆ ನಿನಗೆ ಆದ ಹೆದರಿಕೆ ನಿನ್ನ ಬಗ್ಗೆ ನನಗೆ ದಿನಾ ಇದೆ. ಟ್ರಯಥ್ಲಾನ್ ಮಾಡು ಅನ್ನುವುದಿಲ್ಲ, ಸೈಕಲ್ ತುಳಿ ಅನ್ನುವುದಿಲ್ಲ. ಈಜು ಮಾತ್ರ ಕಲಿ.

ಸ್ಪರ್ಧೆಯ ದಿನ ರಜೆ ಹಾಕಿ ಬಾ. ಕೆರೆಯ ದಂಡೆಯಲ್ಲಿ ನಿಲ್ಲಬೇಡ, ನೂರು ಟೊಪ್ಪಿಗೆಯ ನಡುವೆ ನಾನು ಯಾರು ಅಂತ ಕಾಣದೆ ಸುಮ್ನೆ ಒದ್ದಾಡುತ್ತೀ. ಸೈಕಲ್ ಇಟ್ಟು ಓಟ ಶುರುವಾಗುವ ಕಡೆ ನಿಲ್ಲು. ನನಗೆ ನಿನ್ನ ದನಿ ಬೇಕಾಗುವುದು ಅಲ್ಲಿ.

ಅದಕ್ಕೂ ಮೊದಲು ಒಂದು ಕೆಲಸ ಮಾಡು. ನಿನ್ನ ಪೀಜಿಯ ಹತ್ತಿರ ಈಜುಕೊಳ ಇದೆ ಅಂದಿದ್ದೆಯಲ್ಲ, ಅಲ್ಲಿ ಹೆಂಗಸರ ಬ್ಯಾಚ್ ಎಷ್ಟು ಗಂಟೆಗೆ, ತಿಂಗಳಿಗೆ ಫೀ ಎಷ್ಟು, ಕಲಿಸುವವರು ಯಾರು ಅಂತ ಈ ಶನಿವಾರ ಕೇಳಿಕೊಂಡು ಬಾ. ದುಡ್ಡು ಅವತ್ತೇ ನಿನ್ನ ಖಾತೆಗೆ ಹಾಕುತ್ತೇನೆ. ನಿನಗೆಂದು ಗಾಗಲ್ಸ್, ಟೊಪ್ಪಿಗೆ ಆಗಲೇ ಕೊಂಡಿಟ್ಟಿದ್ದೇನೆ. ರೊಟ್ಟಿ, ಗುರೆಳ್ಳು ಚಟ್ನಿಯ ಡಬ್ಬಿ ಜೊತೆ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.

ನಿನ್ನ,
ಅವ್ವ